ಅಣೆಕಟ್ಟು ಯಾರನ್ನೂ ತಪಾಸಣೆ ಮಾಡುವುದಿಲ್ಲ

ಮಾನ್ಯ ಸಂಪಾದಕರೇ,

ನಮ್ಮ ಊರಿನ ಹಳ್ಳಕ್ಕೆ ಹೊಸದಾಗಿ ಕಟ್ಟಿರುವ ಚೆಕ್ ಡ್ಯಾಮಿನ ಉದ್ಘಾಟನೆಯ ಆಮಂತ್ರಣ ಪತ್ರಿಕೆ ಮೊನ್ನೆ ಕೈಸೇರಿತು. ಅದರಲ್ಲಿ ‘ತಪಾಸಣಾ ಅಣೆಕಟ್ಟು’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿದೆ. ಕನ್ನಡದಲ್ಲೇ ಬರೆಯಬೇಕೆಂಬ ಹಂಬಲವನ್ನು ಗೇಲಿ ಮಾಡಲು ನನಗೆ ಮನಸ್ಸಿಲ್ಲ. ಆದರೆ ಹರಿಯುವ ನೀರನ್ನು ತಡೆದು ನಿಲ್ಲಿಸುವುದಷ್ಟೇ ಕೆಲಸವಾಗಿರುವ ಒಂದು ಗೋಡೆಗೆ ಪೊಲೀಸರ ಉದ್ಯೋಗವನ್ನು ವಹಿಸಿದ್ದು ಹೇಗೆಂದು ಯೋಚಿಸುತ್ತ ಹೋದಾಗ, ಬರೆದವರನ್ನು ದಾರಿ ತಪ್ಪಿಸಿದ್ದು ‘ಚೆಕ್’ ಎಂಬ ಪದವೇ ಎಂದು ತೋರಿದ್ದರಿಂದ ಈ ಪತ್ರ.

ನಾವು ಬ್ಯಾಂಕಿಗೆ ಚೆಕ್ ಕಟ್ಟುತ್ತೇವೆ, ಬಿ.ಪಿ. ಚೆಕ್ ಮಾಡಿಸುತ್ತೇವೆ, ಚೆಕ್ಸ್ ಲುಂಗಿ ಉಡುತ್ತೇವೆ, ಹಳ್ಳಕ್ಕೆ ಚೆಕ್ ಡ್ಯಾಮ್ ಬೇಕೆಂದು ಅರ್ಜಿ ಕೊಡುತ್ತೇವೆ, ಸಂಜೆ ಚದುರಂಗದ ಮಣೆಯ ಮುಂದೆ ಕುಳಿತು ಎದುರಾಳಿಯ ರಾಜನಿಗೆ ಚೆಕ್ ಕೊಡುತ್ತೇವೆ. ಬೇರೆ ಬೇರೆ ಪದಗಳು ಹೇಗೋ ಒಂದೇ ಉಚ್ಚಾರಣೆಗೆ ಬಂದು ನಿಂತಿವೆಯೆಂದು ಯಾರಾದರೂ ಭಾವಿಸಿದರೆ ಅದು ಸಹಜವೇ. ವಾಸ್ತವದಲ್ಲಿ ಎಲ್ಲವೂ ಹುಟ್ಟಿದ್ದು ನಾನು ಕೊನೆಯಲ್ಲಿ ಹೇಳಿದ ಚದುರಂಗದ ಮಣೆಯಿಂದ.

ಭಾರತದ ಚತುರಂಗ ಪರ್ಷಿಯಾಕ್ಕೆ ಹೋಗಿ ‘ಚತ್ರಂಗ್’ ಆಯಿತು, ಅರಬ್ಬರ ಬಾಯಲ್ಲಿ ‘ಶತ್ರಂಜ್’ ಆಯಿತು. ರಾಜನ ಕಾಯಿಗೆ ಅಪಾಯ ಬಂದಾಗ ಪರ್ಷಿಯದ ಆಟಗಾರ ‘ಶಾಹ್’ ಎಂದು ಎಚ್ಚರಿಸುತ್ತಿದ್ದ. ನಮ್ಮ ‘ಬಾದಶಹ’ನೊಳಗಿನ ಶಹನೇ ಅವನು. ಆ ಕೂಗು ಅರಬ್ಬರ ಮೂಲಕ ಯುರೋಪಿಗೆ ದಾಟಿ, ಮಧ್ಯಯುಗದ ಲ್ಯಾಟಿನ್ನಿನಲ್ಲಿ ‘ಸ್ಕಾಕುಸ್’, ಹಳೆಯ ಫ್ರೆಂಚಿನಲ್ಲಿ ‘ಎಸ್ಚೆಕ್’, ಕಡೆಗೆ ಇಂಗ್ಲಿಷಿನಲ್ಲಿ ‘ಚೆಕ್’ ಆಯಿತು. ಆಟದ ಹೆಸರಾದ ‘ಚೆಸ್’ ಸಹ ಅದೇ ಫ್ರೆಂಚ್ ಪದದ ಬಹುವಚನ. ಇನ್ನೂ ಹಿಂದಕ್ಕೆ ಹೋದರೆ, ‘ಶಾಹ್’ ಪದದ ಪ್ರಾಚೀನ ರೂಪವಾದ ‘ಖ್ಶಾಯಥಿಯ’ವನ್ನು ಸುಮಾರು 2,500 ವರ್ಷಗಳ ಹಿಂದೆ ಡೇರಿಯಸ್ ದೊರೆ ಇರಾನಿನ ಬೆಹಿಸ್ತೂನ್ ಬಂಡೆಯ ಮೇಲೆ ಕೆತ್ತಿಸಿದ್ದಾನೆ. ‘ಆಳು’ ಎಂಬ ಅರ್ಥದ ಅದರ ಧಾತುವೂ ಸಂಸ್ಕೃತದ ‘ಕ್ಷತ್ರ’ವೂ ಒಂದೇ ಬೇರಿನವು. ಕ್ಷತ್ರಿಯನಿಗೂ ಚೆಕ್ ಡ್ಯಾಮಿಗೂ ಹೀಗೊಂದು ದೂರದ ನಂಟಸ್ತಿಕೆ ಇರುವುದನ್ನು ಉದ್ಘಾಟನಾ ಭಾಷಣ ಮಾಡುವವರು ಬೇಕಾದರೆ ಬಳಸಿಕೊಳ್ಳಬಹುದು.

ರಾಜನಿಗೆ ಶಹ ಬಿದ್ದ ಕ್ಷಣದಿಂದ ಆಟಗಾರ ಬೇರೇನನ್ನೂ ಮಾಡುವಂತಿಲ್ಲ, ಮೊದಲು ಅದಕ್ಕೆ ಪರಿಹಾರ ಹುಡುಕಬೇಕು. ಆದ್ದರಿಂದಲೇ ಮಣೆಯಿಂದ ಹೊರಬಂದ ಚೆಕ್ ಪದಕ್ಕೆ ‘ತಡೆ’ ಎಂಬ ಅರ್ಥ ಅಂಟಿಕೊಂಡಿತು. ತಡೆಯಿಂದ ಹತೋಟಿ ಎಂಬರ್ಥ ಬೆಳೆಯಿತು. ಹತೋಟಿಯಲ್ಲಿಡಬೇಕಾದರೆ ಸರಿಯಿದೆಯೇ ಎಂದು ತಾಳೆ ನೋಡಬೇಕಾದ್ದರಿಂದ ಪರಿಶೀಲನೆಯ ಅರ್ಥ ಆಮೇಲೆ ಬಂದು ಸೇರಿತು. ನಮ್ಮ ಆಮಂತ್ರಣ ಪತ್ರಿಕೆ ಎಡವಿದ್ದು ಇಲ್ಲಿಯೇ: ಅಣೆಯಲ್ಲಿರುವುದು ಹಳೆಯ ಅರ್ಥ, ಅನುವಾದಿಸಿದ್ದು ಹೊಸ ಅರ್ಥವನ್ನು.

ಬ್ಯಾಂಕಿನ ಚೆಕ್ಕಿನ ಕಥೆ ಇದಕ್ಕಿಂತ ಸ್ವಾರಸ್ಯದ್ದು. 12ನೆಯ ಶತಮಾನದ ಇಂಗ್ಲೆಂಡಿನಲ್ಲಿ ದೊರೆಯ ಕಂದಾಯದ ಲೆಕ್ಕವನ್ನು 10 ಅಡಿ ಉದ್ದ, 5 ಅಡಿ ಅಗಲದ ಮೇಜಿನ ಮೇಲೆ ಚೌಕುಳಿ ಗೆರೆಗಳ ಕಪ್ಪು ಬಟ್ಟೆ ಹಾಸಿ, ಮನೆಯಿಂದ ಮನೆಗೆ ಬಿಲ್ಲೆಗಳನ್ನು ಸರಿಸುತ್ತ ಮಾಡುತ್ತಿದ್ದರು. ನೋಡುವವರಿಗೆ ಅದು ಚದುರಂಗದ ಮಣೆಯಂತೆಯೇ ಕಾಣುತ್ತಿದ್ದುದರಿಂದ ಆ ಮಣೆಯ ಹೆಸರು ಖಜಾನೆಗೇ ಅಂಟಿ ‘ಎಕ್ಸ್‌ಚೆಕರ್’ ಆಯಿತು. ಬ್ರಿಟನ್ನಿನ ಹಣಕಾಸು ಸಚಿವರು ಇಂದಿಗೂ ‘ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್’. 18ನೆಯ ಶತಮಾನದ ಹೊತ್ತಿಗೆ, ನಕಲಿ ಹುಂಡಿಯನ್ನು ಪತ್ತೆಹಚ್ಚಲೆಂದು ಉಳಿಸಿಕೊಳ್ಳುತ್ತಿದ್ದ ಕೌಂಟರ್‌ಫಾಯಿಲಿಗೆ ಚೆಕ್ ಎನ್ನತೊಡಗಿದರು. ಕ್ರಮೇಣ ಆ ಹೆಸರು ಹಣ ಕೊಡಿಸುವ ಹಾಳೆಗೇ ವರ್ಗವಾಯಿತು. ಬ್ರಿಟಿಷರು ಎಕ್ಸ್‌ಚೆಕರಿನ ಪ್ರಭಾವದಿಂದ ಅದರ ಕಾಗುಣಿತವನ್ನು ‘cheque’ ಎಂದು ಬದಲಿಸಿಕೊಂಡರೆ, ಅಮೆರಿಕನ್ನರು ಹಳೆಯ ‘check’ ಅನ್ನೇ ಉಳಿಸಿಕೊಂಡರು. ನಮ್ಮ 1881ರ ವರ್ಗಾವಣೀಯ ಲಿಖಿತಗಳ ಕಾಯಿದೆ ಬ್ರಿಟಿಷರ ಕಾಗುಣಿತವನ್ನು ಅನುಸರಿಸಿದೆ. ಲುಂಗಿಯ ಚೌಕುಳಿಯ ಬಗ್ಗೆ ವಿವರಣೆ ಬೇಕಾಗಿಲ್ಲ, ಅದು ನೇರವಾಗಿ ಮಣೆಯದ್ದೇ.

ಚೆಕ್ ಪದವನ್ನು ಕನ್ನಡದಿಂದ ಹೊರಗಟ್ಟಬೇಕೆಂದು ನಾನು ವಾದಿಸುತ್ತಿಲ್ಲ. ತಪಾಸಣೆಯೂ ಮರಾಠಿಯ ಹಾದಿಯಲ್ಲಿ ನಮಗೆ ಬಂದ ನೆಂಟನೇ. ಆದರೆ ಅನುವಾದಿಸಲು ಹೊರಟಾಗ ನಿಘಂಟಿನಲ್ಲಿ ಮೊದಲು ಸಿಕ್ಕಿದ ಅರ್ಥವನ್ನು ಎತ್ತಿಕೊಳ್ಳದೆ, ಆ ವಸ್ತು ಮಾಡುವ ಕೆಲಸವನ್ನು ಒಮ್ಮೆ ನೋಡಿದರೆ ಸಾಕು. ಮಳೆಗಾಲ ಮುಗಿದ ಮೇಲೆ ಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆಗಳಿಂದ ಹಳ್ಳಕ್ಕೆ ‘ಕಟ್ಟ’ ಕಟ್ಟಿ ತೋಟಕ್ಕೆ ನೀರು ಹಾಯಿಸುತ್ತಿದ್ದ ನಮ್ಮ ಹಿರಿಯರಿಗೆ ಇದಕ್ಕೆ ಹೆಸರು ಹುಡುಕುವ ಕಷ್ಟವೇ ಇರಲಿಲ್ಲ. ಕಾಂಕ್ರೀಟಿನದನ್ನು ಕಟ್ಟವೆನ್ನಲು ಸಂಕೋಚವಾದರೆ ‘ತಡೆ ಅಣೆ’ ಎನ್ನಬಹುದು. ತಾವು ಉದ್ಘಾಟನೆಯ ವರದಿಯಲ್ಲಿ ಈ ಎರಡರಲ್ಲಿ ಒಂದನ್ನು ಬಳಸಬೇಕೆಂದು ವಿನಂತಿಸುತ್ತೇನೆ. ಸ್ಥಳದಲ್ಲಿ ನಿಲ್ಲಿಸುವ ನಾಮಫಲಕವನ್ನು ಇನ್ನೂ ಬರೆಸಿಲ್ಲವೆಂದು ತಿಳಿದುಬಂದಿದೆ.

ಇಂತು,
ಒಬ್ಬ ಅಡಿಕೆ ಕೃಷಿಕ,
ಸುಳ್ಯ ತಾಲ್ಲೂಕು