ಸಾಕುನಾಯಿಗೆ ಲಿಫ್ಟ್ ನಿಷೇಧ ಸಲ್ಲದು

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಒಬ್ಬರೇ ಇರುವ ಹಿರಿಯ ಮಹಿಳೆಯೊಬ್ಬರು, ಪತಿ ತೀರಿಕೊಂಡ ಮೇಲೆ ನಾಯಿಯ ಒಡನಾಟದಲ್ಲೇ ಚೇತರಿಸಿಕೊಂಡವರು, ಮಂಡಿನೋವಿದ್ದರೂ ನಾಯಿಯನ್ನು ಹಿಡಿದುಕೊಂಡು ನಾಲ್ಕು ಮಹಡಿ ಮೆಟ್ಟಿಲಿಳಿಯುತ್ತಾರೆ. ಲಿಫ್ಟ್ ಬಾಗಿಲಿಗೆ ‘ನಾಯಿಗಳಿಗೆ ಪ್ರವೇಶವಿಲ್ಲ’ ಎಂಬ ಚೀಟಿ ಅಂಟಿಸಲಾಗಿದೆ. ಸರ್ವಸದಸ್ಯರ ಸಭೆಯ ಬಹುಮತದ ತೀರ್ಮಾನ ಎನ್ನುತ್ತಾರೆ ಸಂಘದ ಪದಾಧಿಕಾರಿಗಳು. ಆದರೆ ಬಹುಮತವಿದ್ದರೂ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಕೆಗೆ ತಡೆಯೊಡ್ಡುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲೇ ಹೇಳಿದೆ. ಬೈಲಾದಲ್ಲಿ ಸಾಕುಪ್ರಾಣಿ ನಿಷೇಧಿಸುವುದು ಕಾನೂನುಬಾಹಿರವೆಂದು ಕೇರಳ ಹೈಕೋರ್ಟ್ 2021ರಲ್ಲಿ ತೀರ್ಪಿತ್ತಿದೆ. ಗಲೀಜು ತೆಗೆಯುವುದು, ಲಸಿಕೆ ಹಾಕಿಸುವುದು ಸಾಕಿದವರ ಹೊಣೆ. ಅದನ್ನು ಕಟ್ಟುನಿಟ್ಟಾಗಿ ಕೇಳಲಿ. ಆದರೆ ಒಂಟಿ ಜೀವಕ್ಕೆ ಆಸರೆಯಾದ ಪ್ರಾಣಿಯನ್ನು ಹೊರಗಿಡುವ ಇಂಥ ನಿಯಮಗಳನ್ನು ನಿವಾಸಿಗಳ ಸಂಘಗಳು ಕೂಡಲೇ ಕೈಬಿಡಬೇಕು.

– ನೊಂದ ನಿವಾಸಿ, ಬೆಂಗಳೂರು