ಮುದ್ದೆಗೂ ಒಂದು ಅಳತೆ ಇರಲಿ

ಸಂಪಾದಕರೇ,

ಸಕ್ಕರೆ ಕಾಯಿಲೆ ಇರುವವರಿಗೆ ‘ಅನ್ನ ಬಿಡಿ, ಮುದ್ದೆ ತಿನ್ನಿ’ ಎಂದಷ್ಟೇ ಹೇಳಿ ಕಳಿಸಿದರೆ ಸಾಲದು, ಎಷ್ಟು ತಿನ್ನಬೇಕು ಎಂಬುದನ್ನೂ ಹೇಳಬೇಕು.

ನಮ್ಮ ಅಮ್ಮನಿಗೆ ಆಸ್ಪತ್ರೆಯಲ್ಲಿ ಸಿಕ್ಕಿದ್ದು ಈ ಒಂದೇ ಮಾತು. ಅವರು ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಬೆಳಿಗ್ಗೆ ದೊಡ್ಡ ಲೋಟದ ತುಂಬ ರಾಗಿ ಗಂಜಿ, ಮಧ್ಯಾಹ್ನ ಎರಡು ಮುದ್ದೆ, ರಾತ್ರಿ ಮತ್ತೆ ಮುದ್ದೆ, ಜೊತೆಗೆ ತಿಳಿಸಾರು. ಮೂರು ತಿಂಗಳಾದರೂ ಸಕ್ಕರೆ ಇಳಿಯಲಿಲ್ಲ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಜಾಸ್ತಿ, ನಿಜ. ಆದರೆ ಅದರಲ್ಲೂ ಮೂರರಲ್ಲಿ ಎರಡು ಪಾಲು ಕಾರ್ಬೋಹೈಡ್ರೇಟೇ ಅಲ್ವಾ? ನುಣ್ಣಗೆ ಬೀಸಿದ ಹಿಟ್ಟಿನ ಗಂಜಿಯಂತೂ ಬೇಗ ಜೀರ್ಣವಾಗಿ ಸಕ್ಕರೆ ಏರಿಸುತ್ತದೆ.

ಕೊನೆಗೆ ದಾದಿಯೊಬ್ಬರು ಔಷಧಿ ಚೀಟಿಯ ಹಿಂದೆ ಒಂದು ತಟ್ಟೆ ಬರೆದು ತೋರಿಸಿದರು. ಅರ್ಧ ತಟ್ಟೆ ಸೊಪ್ಪು, ತರಕಾರಿ. ಕಾಲು ಭಾಗ ಕಾಳು, ಬೇಳೆ. ಉಳಿದ ಕಾಲು ಭಾಗಕ್ಕೆ ಒಂದು ಚಿಕ್ಕ ಮುದ್ದೆ ಇಲ್ಲವೇ ಅನ್ನ. ಓದು ಬಾರದ ಅಮ್ಮನಿಗೂ ತಕ್ಷಣ ಅರ್ಥವಾಯಿತು. ಈಗ ಬಸ್ಸಾರು ಮಾಡಿದ ದಿನ ಅವರ ತಟ್ಟೆಯಲ್ಲಿ ಸೊಪ್ಪು, ಕಾಳಿನ ಪಲ್ಯವೇ ಜಾಸ್ತಿ. ಮಾತ್ರೆ ಬಿಟ್ಟಿಲ್ಲ, ಸಕ್ಕರೆಯೂ ಹತೋಟಿಗೆ ಬಂದಿದೆ.

ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ ಹೇಳಿದೆ. ಆರೋಗ್ಯ ಇಲಾಖೆ ಈ ತಟ್ಟೆಯ ಚಿತ್ರವನ್ನು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಮಾತ್ರೆ ಕೊಡುವ ಕಿಟಕಿಯ ಪಕ್ಕದಲ್ಲೇ ಅಂಟಿಸಲಿ. ಮಾತ್ರೆ ಕೊಡುವಾಗ ‘ನಿನ್ನೆ ಏನು ಊಟ ಮಾಡಿದಿರಿ, ಎಷ್ಟು?’ ಎಂದು ಕೇಳುವ ರೂಢಿಯೂ ಬರಲಿ.

– ಒಬ್ಬ ಓದುಗ, ಮಂಡ್ಯ