ಮಕ್ಕಳೊಡನೆ ಗಾಳ ಹಾಕಲು ಕೆರೆ ದಂಡೆಯಲ್ಲಿ ಜಾಗ ಗೊತ್ತುಪಡಿಸಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ಗಂಗಾವತಿ, ಕೊಪ್ಪಳ, ಸಿಂಧನೂರುಗಳ ಗೋಡೆಗಳ ಮೇಲೆ ಬೇಸಿಗೆ ಶಿಬಿರಗಳ ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ. ಚಿತ್ರಕಲೆ, ಕರಾಟೆ, ಅಬ್ಯಾಕಸ್, ಇಂಗ್ಲಿಷ್ ಸಂಭಾಷಣೆಗಳನ್ನು ಕಲಿಸುವ ಈ ಶಿಬಿರಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅವುಗಳಲ್ಲಿ ತಂದೆತಾಯಿಗೆ ಇರುವ ಪಾಲು ಶುಲ್ಕ ಕಟ್ಟುವುದು ಮತ್ತು ಮಗುವನ್ನು ಬೆಳಿಗ್ಗೆ ಬಿಟ್ಟು ಮಧ್ಯಾಹ್ನ ಕರೆತರುವುದು, ಇಷ್ಟೇ. ತಂದೆಯೋ ತಾಯಿಯೋ ಮಗುವಿನ ಜೊತೆಯಲ್ಲೇ ಒಂದು ಹಗಲು ಒಂದು ರಾತ್ರಿಯನ್ನು ಬಯಲಿನಲ್ಲಿ ಕಳೆದು, ಪಕ್ಕದಲ್ಲಿ ಕುಳಿತು ಗಾಳ ಹಾಕಿ, ಒಲೆ ಹೂಡಿ ಉಂಡು ಬರುವಂತಹ ಸುರಕ್ಷಿತ ಜಾಗಗಳನ್ನು ನಮ್ಮ ಕೆರೆಗಳ ಹಾಗೂ ತುಂಗಭದ್ರಾ ಹಿನ್ನೀರಿನ ದಂಡೆಯಲ್ಲಿ ಗೊತ್ತುಪಡಿಸಬೇಕೆಂದು ಜಿಲ್ಲಾಡಳಿತವನ್ನೂ ಮೀನುಗಾರಿಕೆ ಇಲಾಖೆಯನ್ನೂ ಕೋರುವುದು ಈ ಪತ್ರದ ಉದ್ದೇಶ.

ಇದು ಹೊಟ್ಟೆ ತುಂಬಿದವರ ವಿಹಾರದ ಬೇಡಿಕೆ ಎಂದು ಕೆಲವರಿಗೆ ಅನ್ನಿಸಬಹುದು. ನಿಜಸ್ಥಿತಿ ಇದಕ್ಕೆ ತಿರುಗುಮುರುಗಾಗಿದೆ. ಹಣವಿರುವವರಿಗೆ ಆನೆಗೊಂದಿ, ಸಾಣಾಪುರಗಳ ಸುತ್ತಮುತ್ತ ರೆಸಾರ್ಟ್‌ಗಳಿವೆ, ಹೋಂಸ್ಟೇಗಳಿವೆ. ಜಾಗವಿಲ್ಲದಿರುವುದು ಉಳಿದವರಿಗೆ. ಭತ್ತದ ಸುಗ್ಗಿಯ ತಿಂಗಳುಗಳಲ್ಲಿ ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಹೊತ್ತು ಗೊತ್ತಿಲ್ಲದೆ ದುಡಿಯುವವರು, ತೋರಣಗಲ್ಲು ಮತ್ತು ಗಿಣಿಗೇರಾ ಕಡೆಯ ಕಾರ್ಖಾನೆಗಳಲ್ಲಿ, ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಪಾಳಿಯ ಮೇಲೆ ಕೆಲಸ ಮಾಡುವವರು ಮನೆಗೆ ಬರುವ ವೇಳೆಗೆ ಮಕ್ಕಳು ಮಲಗಿರುತ್ತಾರೆ, ಇಲ್ಲವೇ ಶಾಲೆಗೆ ಹೊರಟಿರುತ್ತಾರೆ. ಮಕ್ಕಳನ್ನು ಅಜ್ಜ ಅಜ್ಜಿಯ ವಶಕ್ಕೆ ಕೊಟ್ಟು ಬೆಂಗಳೂರು, ಮುಂಬೈಗಳಿಗೆ ಗುಳೆ ಹೋಗುವ ಕುಟುಂಬಗಳ ಪಾಡು ಇನ್ನೂ ಕಠಿಣ. ಉಗಾದಿಗೋ ಊರ ಜಾತ್ರೆಗೋ ಬಂದ ತಂದೆಯ ಎದುರು ಮಗು ನೆಂಟರ ಎದುರು ನಿಂತಂತೆ ನಿಲ್ಲುತ್ತದೆ. ಆಗ ತಂದೆ ಕೇಳುವುದು ಎಷ್ಟು ಅಂಕ ಬಂತೆಂದು, ಮಗು ಹೇಳುವುದು ಆ ಅಂಕವನ್ನು. ಅಲ್ಲಿಗೆ ಮಾತು ಮುಗಿಯುತ್ತದೆ.

ನಾನು ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ನೌಕರ. ಒಬ್ಬ ಮಗ, ಒಬ್ಬಳು ಮಗಳು. ಇವರಿಬ್ಬರನ್ನೂ ಕೆರೆಗೆ ಕರೆದೊಯ್ಯುವ ರೂಢಿ ಇಟ್ಟುಕೊಂಡ ಮೇಲೆ ನನಗೆ ಕಂಡ ಸಂಗತಿ ಇದು: ಗಾಳ ಹಾಕುವುದರಲ್ಲಿ ಮೀನಿಗಿಂತ ಕಾಯುವುದೇ ಹೆಚ್ಚು. ಎರೆಹುಳುವನ್ನೋ ಕಲಸಿದ ಗೋಧಿ ಹಿಟ್ಟಿನ ಉಂಡೆಯನ್ನೋ ಗಾಳಕ್ಕೆ ಸಿಕ್ಕಿಸಿ, ತಂಗೂಸಿ ದಾರ ಎಸೆದು, ಬೆಂಡಿನ ಮೇಲೆ ಕಣ್ಣಿಟ್ಟು ಕುಳಿತರೆ ಮಾಡಲು ಬೇರೆ ಕೆಲಸವೇ ಇರುವುದಿಲ್ಲ. ಮುಖಕ್ಕೆ ಮುಖ ಕೊಟ್ಟು ಕೂರಿಸಿಕೊಂಡು ಕೇಳಿದಾಗ ಬಾಯಿ ಬಿಡದ ಹುಡುಗ, ಇಬ್ಬರ ಕಣ್ಣೂ ನೀರಿನ ಕಡೆಗಿದ್ದಾಗ ತಾನಾಗಿಯೇ ಮಾತು ತೆಗೆಯುತ್ತಾನೆ. ಶಾಲೆಯಲ್ಲಿ ಹಿರಿಯ ಹುಡುಗರು ತನ್ನನ್ನು ಗೋಳುಹೊಯ್ದುಕೊಳ್ಳುತ್ತಿರುವ ಸಂಗತಿಯನ್ನು ನನ್ನ ಮಗ ಮನೆಯಲ್ಲಿ ಹೇಳಿರಲಿಲ್ಲ, ಹೇಳಿದ್ದು ಕೆರೆಯ ಏರಿಯ ಮೇಲೆ. ಅದೂ ನಡುವೆ ದಾರ ಸರಿಮಾಡುತ್ತ, ಏನೋ ಸಣ್ಣ ವಿಷಯವೆಂಬಂತೆ. ನಾನು ಕೂಡಲೇ ಉಪದೇಶಕ್ಕಿಳಿಯಲಿಲ್ಲ, ಏಕೆಂದರೆ ಅಷ್ಟರಲ್ಲಿ ಬೆಂಡು ಮುಳುಗಿತ್ತು. ಹಾಗಾದದ್ದು ಒಳ್ಳೆಯದೇ ಆಯಿತು. ಇನ್ನೊಂದು ಲಾಭವನ್ನೂ ಹೇಳಬೇಕು. ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಬೆಂಡನ್ನು ಅಲುಗಿಸದಂತೆಯೇ ಹಿಟ್ಟನ್ನು ಕೊರೆದು ತಿಂದು ಹೋಗುವುದರಲ್ಲಿ ನಿಸ್ಸೀಮ. ಬರಿ ಗಾಳವನ್ನು ಮೇಲೆಳೆದುಕೊಂಡು ಪೆಚ್ಚಾಗುವ ತಂದೆಯನ್ನು ಮಗು ಅಲ್ಲಲ್ಲದೆ ಬೇರೆಲ್ಲಿ ನೋಡೀತು? ಮನೆಯಲ್ಲಿ ಎಲ್ಲ ಬಲ್ಲವನಂತೆ ಇರುವ ಅಪ್ಪ ಇಲ್ಲಿ ತನ್ನಂತೆಯೇ ಸೋಲುತ್ತಾನೆ ಎಂಬುದನ್ನು ಕಂಡ ಮಕ್ಕಳು ತಮ್ಮ ಸೋಲನ್ನೂ ಮುಚ್ಚಿಡದೆ ಹೇಳುವ ಧೈರ್ಯ ಮಾಡುತ್ತಾರೆ.

ಬಯಲಿಗೆ ಹೋಗಿ ಒಟ್ಟಿಗೆ ಉಣ್ಣುವುದು ಈ ಸೀಮೆಗೆ ಹೊರಗಿನಿಂದ ಬಂದ ಸಂಗತಿಯೇನಲ್ಲ. ಎಳ್ಳ ಅಮಾವಾಸ್ಯೆಗೆ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯಗಳ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುವವರು, ಸಂಕ್ರಾಂತಿಗೆ ಮೈಗೆ ಎಳ್ಳು ಹಚ್ಚಿಕೊಂಡು ಹೊಳೆಯಲ್ಲಿ ಮಿಂದು ದಂಡೆಯಲ್ಲೇ ಉಂಡು ಬರುವವರು ಈಗಲೂ ನಮ್ಮಲ್ಲಿದ್ದಾರೆ. ಮೀನು ಹಿಡಿಯುವುದನ್ನು ನನ್ನ ಓರಗೆಯವರು ಕಲಿತದ್ದು ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ. ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲಿಸಿದ ಮೇಲೆ ಅಲ್ಲಲ್ಲಿ ಉಳಿದ ಗುಂಡಿಗಳಿಗೆ ಅಪ್ಪಂದಿರು, ಕಾಕಂದಿರು ಇಳಿಯುತ್ತಿದ್ದರು, ಅವರ ಹಿಂದೆ ನಾವೂ ಪಂಚೆ ಹಿಡಿದು ಇಳಿಯುತ್ತಿದ್ದೆವು. ಆದರೆ ಹರಿಯುವ ಕಾಲುವೆಯ ದಂಡೆಗೆ ಮಕ್ಕಳನ್ನು ಗಾಳ ಹಾಕಲು ಕರೆದೊಯ್ಯಿರಿ ಎಂದು ಇವತ್ತು ನಾನು ಯಾರಿಗೂ ಹೇಳಲಾರೆ. ಸಿಮೆಂಟಿನ ಇಳಿಜಾರು ಪಾಚಿಗಟ್ಟಿರುತ್ತದೆ, ನೀರಿನ ಸೆಳವು ಮೇಲ್ನೋಟಕ್ಕೆ ತಿಳಿಯುವುದಿಲ್ಲ, ಜಾರಿದವರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ.

ಹೊಳೆಯ ದಂಡೆಯೂ ಸುರಕ್ಷಿತವಲ್ಲ. ತುಂಗಭದ್ರಾ ಅಣೆಕಟ್ಟೆಗೆ 33 ಗೇಟುಗಳಿದ್ದು, ಮಳೆಗಾಲದಲ್ಲಿ ಒಳಹರಿವು ಏರಿದಂತೆ ಅವುಗಳನ್ನು ಎತ್ತಲಾಗುತ್ತದೆ. ಕೆಳಗಿನ ಬಂಡೆಗಳ ನಡುವೆ ಮೊಣಕಾಲುದ್ದವಿದ್ದ ನೀರು ನೋಡನೋಡುತ್ತಿದ್ದಂತೆ ಆಳುದ್ದವಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ ಕಂಪ್ಲಿಯವರೆಗಿನ ದಂಡೆಯ ಊರುಗಳು ಆತಂಕದಲ್ಲಿ ದಿನ ಕಳೆದದ್ದನ್ನು ಯಾರೂ ಮರೆತಿಲ್ಲ. 2025ರ ಫೆಬ್ರುವರಿಯಲ್ಲಿ ಸಾಣಾಪುರದ ಬಳಿ ಬಂಡೆಯಿಂದ ನದಿಗೆ ಜಿಗಿದ ಹೈದರಾಬಾದಿನ ಯುವ ವೈದ್ಯೆ ಮರಳಲಿಲ್ಲ. ಅದಾದ ಮರುತಿಂಗಳು ಅದೇ ಸಾಣಾಪುರದ ಕಾಲುವೆ ದಂಡೆಯಲ್ಲಿ ರಾತ್ರಿ ಕುಳಿತಿದ್ದ ಪ್ರವಾಸಿಗರ ಮೇಲೆ ನಡೆದ ಘೋರ ಕೃತ್ಯವೂ, ಅದರಲ್ಲಿ ಒಬ್ಬರು ಜೀವ ಕಳೆದುಕೊಂಡದ್ದೂ ನಮ್ಮ ಜಿಲ್ಲೆಯ ಹೆಸರಿಗೆ ಅಂಟಿಕೊಂಡಿವೆ. ಇಷ್ಟಾದ ಮೇಲೆ ಯಾವ ತಾಯಿ ತಾನೇ ಮಕ್ಕಳನ್ನು ರಾತ್ರಿ ದಂಡೆಗೆ ಕಳುಹಿಸಲು ಒಪ್ಪುತ್ತಾಳೆ? ಆದುದರಿಂದಲೇ ‘ಇಷ್ಟವಿದ್ದವರು ಹೋಗಲಿ, ಸರ್ಕಾರದ ಅಪ್ಪಣೆ ಏಕೆ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಇದಲ್ಲದೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ನದಿಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಪ್ರದೇಶವೆಂದು ಘೋಷಿಸಲಾಗಿದೆ. ಅಲ್ಲಿಯ ಮೀನು ನೀರುನಾಯಿಗಳ ಅನ್ನ. ತೋಟೆ ಸಿಡಿಸಿ ಮೀನು ಹಿಡಿಯುವವರ ಹಾವಳಿಯಿಂದ ಅವು ಈಗಾಗಲೇ ನಲುಗಿವೆ; ಅಲ್ಲಿಗೆ ನಾವೂ ಗಾಳ ಹಿಡಿದು ಹೋಗುವುದು ಸಲ್ಲದು. ಮೊಸಳೆಗಳು ತುಂಗಭದ್ರೆಯಲ್ಲೂ ಇವೆ, ರಾಯಚೂರಿನ ಕಡೆಯ ಕೃಷ್ಣೆಯಲ್ಲೂ ಇವೆ. ಆನೆಗೊಂದಿ ಸುತ್ತಿನ ಬೆಟ್ಟಗಳಲ್ಲಿ ಚಿರತೆ, ಕರಡಿಗಳು ಸುಳಿದಾಡುವುದರಿಂದ ಅಲ್ಲಿ ಗುಡಾರ ಹಾಕುವ ಮಾತೂ ಬೇಡ.

ಹಾಗಾದರೆ ಉಳಿಯುವ ಜಾಗ ಯಾವುದು? ಜಲಾಶಯದ ಹಿನ್ನೀರಿನಲ್ಲಿ ಇಳಿಜಾರು ಕಡಿಮೆಯಿರುವ, ಊರಿಗೆ ಹತ್ತಿರವಿರುವ ಒಂದು ದಂಡೆ. ಕೊಪ್ಪಳ ತಾಲ್ಲೂಕಿನ ಹಿರೇಹಳ್ಳ ಜಲಾಶಯ. ರಾಯಚೂರು ಜಿಲ್ಲೆಯವರಿಗೆ ಮಸ್ಕಿ ಜಲಾಶಯ. ಇಂಥವುಗಳಲ್ಲಿ ಮೊಸಳೆಯ ಸುಳಿವಿಲ್ಲವೆಂದು ಅರಣ್ಯ ಇಲಾಖೆಯವರು ನೋಡಿ ಹೇಳಿದ ಒಂದೆರಡು ಎಕರೆಯಷ್ಟು ದಂಡೆಯನ್ನು ಗುರುತಿಸಿದರೆ ಸಾಕು. ಕಟ್ಟಡ ಬೇಡ. ಸುತ್ತ ಬೇಲಿ, ಹೆಣ್ಣುಮಕ್ಕಳಿಗೂ ಗಂಡಸರಿಗೂ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಒಂದು ದೀಪ, ರಾತ್ರಿಯ ಕಾವಲಿಗೆ ಇಬ್ಬರು, ಈಜುಬಲ್ಲ ಒಬ್ಬ ಅಂಬಿಗ, ಹರಿಗೋಲು ಮತ್ತು ಮಕ್ಕಳ ಅಳತೆಯ ಲೈಫ್ ಜಾಕೆಟ್‌ಗಳು ಇದ್ದರೆ ಆಯಿತು. ದೊಡ್ಡವರ ಅಳತೆಯ ಜಾಕೆಟನ್ನು ಮಗುವಿಗೆ ತೊಡಿಸಿದರೆ ನೀರಿನಲ್ಲಿ ಅದು ತಲೆಯ ಮೇಲಕ್ಕೆ ಜಾರುತ್ತದೆ. ಈ ಒಂದು ವಿಷಯದಲ್ಲಿ ಮಾತ್ರ ಇಲಾಖೆ ಕಾಸಿನ ಉಳಿತಾಯ ನೋಡಬಾರದು.

ಕೆರೆಗಳ ಮೀನಿನ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆ ಹಿಡಿದವರಿಗೋ ಸೇರಿರುತ್ತದೆ. ಮೀನುಮರಿಗಳನ್ನು ಬಿಟ್ಟು, ತಿಂಗಳುಗಟ್ಟಲೆ ಕಾದು, ಬಲೆ ಹಾಕುವವರು ಅವರು. ಅವರ ಕಾಟ್ಲಾ, ರೋಹುಗಳ ಮೇಲೆ ನಮ್ಮಂಥವರು ಹವ್ಯಾಸದ ಹೆಸರಿನಲ್ಲಿ ಕೈಹಾಕುವುದು ನ್ಯಾಯವಲ್ಲ. ಆದುದರಿಂದ ದಿನದ ಚೀಟಿಯೊಂದನ್ನು ಸಂಘವೇ ಕೊಡಲಿ, ಹಣವೂ ಸಂಘಕ್ಕೇ ಸೇರಲಿ, ಗಾಳ ಕಟ್ಟುವುದನ್ನು ಮಕ್ಕಳಿಗೆ ಕಲಿಸುವ ಹಿರಿಯ ಮೀನುಗಾರರಿಗೆ ಅದರಿಂದ ದಿನಗೂಲಿ ಸಿಗಲಿ. ಹಿಟ್ಟಿನ ಉಂಡೆಯ ಹದ, ಬೆಂಡಿನಿಂದ ಗಾಳಕ್ಕೆ ಬಿಡಬೇಕಾದ ದಾರದ ಉದ್ದ, ಯಾವ ಹೊತ್ತಿಗೆ ಮೀನು ದಂಡೆಗೆ ಬರುತ್ತದೆ ಎಂಬುದನ್ನೆಲ್ಲ ಅವರಿಗಿಂತ ಚೆನ್ನಾಗಿ ಹೇಳಿಕೊಡುವವರು ಯಾವ ಬೇಸಿಗೆ ಶಿಬಿರದಲ್ಲಿದ್ದಾರೆ? ಕೊಡಗಿನ ವಾಲ್ನೂರಿನಲ್ಲಿ ಪರವಾನಗಿ ಪಡೆದು ಕಾವೇರಿಯಲ್ಲಿ ಗಾಳ ಹಾಕಿ, ಸಿಕ್ಕ ಮಹಶೀರನ್ನು ಮತ್ತೆ ಹೊಳೆಗೇ ಬಿಡುವ ಪದ್ಧತಿ ಬಹುಕಾಲ ನಡೆದುಬಂದಿದೆ. ಅಲ್ಲಿಂದ ನಾವು ತೆಗೆದುಕೊಳ್ಳಬೇಕಾದದ್ದು ಪರವಾನಗಿಯ ಶಿಸ್ತನ್ನು. ಹಿಡಿದು ಬಿಡುವ ಆಟ ನನ್ನ ಮನಸ್ಸಿಗೆ ಅಷ್ಟಾಗಿ ಒಗ್ಗುವುದಿಲ್ಲ. ಅಂದಿನ ಊಟಕ್ಕೆ ಬೇಕಾದಷ್ಟು ಹಿಡಿದು, ಸಣ್ಣ ಮರಿ ಸಿಕ್ಕರೆ ಒದ್ದೆ ಕೈಯಲ್ಲೇ ಹಿಡಿದು ನೀರಿಗೆ ಬಿಟ್ಟು, ತಟ್ಟೆಯಲ್ಲಿರುವುದು ಒಂದು ಜೀವವಾಗಿತ್ತೆಂದು ಮಗುವಿಗೆ ತಿಳಿಯುವಂತೆ ಉಣ್ಣುವುದು ಹೆಚ್ಚು ಪ್ರಾಮಾಣಿಕವೆಂದು ನನ್ನ ಎಣಿಕೆ. ಮೀನು ತಿನ್ನದ ಮನೆಗಳವರು ಗಾಳ ಹಿಡಿಯಲೇಬೇಕೆಂದಿಲ್ಲ. ಚಳಿಗಾಲದಲ್ಲಿ ಹಿನ್ನೀರಿಗೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯದ ಆಚೆಯಿಂದ ಬಂದಿಳಿಯುತ್ತವೆ. ಅವುಗಳನ್ನು ನೋಡುತ್ತ ಕೂರಲೂ ತಾಳ್ಮೆ ಅಷ್ಟೇ ಬೇಕು.

ಕಾಲದ ಬಗ್ಗೆಯೂ ಒಂದು ಮಾತು. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಮಕ್ಕಳನ್ನು ಬಯಲಿನಲ್ಲಿ ಇರಿಸುವುದು ಸಲ್ಲದು. ಮಳೆಗಾಲ ಕಾಟ್ಲಾ, ರೋಹು ಮುಂತಾದ ಮೀನುಗಳು ಮೊಟ್ಟೆ ಇಡುವ ಸಮಯ, ಜೊತೆಗೆ ನೆರೆಯ ಭಯ. ಹೀಗಾಗಿ ನವೆಂಬರಿನಿಂದ ಫೆಬ್ರುವರಿಯವರೆಗಿನ ನಾಲ್ಕು ತಿಂಗಳೇ ಯೋಗ್ಯ. ರಾತ್ರಿಯ ಚಳಿಗೆ ಒಂದು ಕೌದಿ ಸಾಕಾಗುತ್ತದೆ. ಚೇಳು, ಹಾವುಗಳ ಭಯಕ್ಕೆ ಕೆಳಭಾಗ ಮುಚ್ಚಿ ಹೊಲಿದ ಟೆಂಟು ಬೇಕು, ಬೆಳಿಗ್ಗೆ ಚಪ್ಪಲಿ ಕೊಡವಿ ಹಾಕಿಕೊಳ್ಳುವ ರೂಢಿಯೂ ಬೇಕು.

ಗಂಡುಮಕ್ಕಳನ್ನು ಮಾತ್ರ ಹೊಳೆಗೆ ಕರೆದೊಯ್ಯುವುದು, ಹೆಣ್ಣುಮಕ್ಕಳನ್ನು ಬುತ್ತಿ ಕಟ್ಟಲು ಮನೆಯಲ್ಲಿ ಬಿಡುವುದು ನಮ್ಮಲ್ಲಿ ಇನ್ನೂ ಇದೆ. ನನ್ನ ಅನುಭವದಲ್ಲಿ ಬೆಂಡಿನ ಮುಂದೆ ಹೆಚ್ಚು ಹೊತ್ತು ಅಲುಗಾಡದೆ ಕೂರುವವಳು ಮಗಳೇ. ಮಗನಿಗೆ ಅರ್ಧ ಗಂಟೆಗೊಮ್ಮೆ ಜಾಗ ಬದಲಿಸುವ ಚಪಲ. ತಾಯಂದಿರೂ ಬರಲಿ. ತಂದೆ ಊರಲ್ಲಿಲ್ಲದ ಮಕ್ಕಳನ್ನು ಸೋದರಮಾವನೋ ಅಜ್ಜನೋ ಕರೆತಂದರೂ ನಡೆಯುತ್ತದೆ. ಆದರೆ ಮಗುವಿನೊಂದಿಗೆ ಮನೆಯ ದೊಡ್ಡವರೊಬ್ಬರು ಇರಲೇಬೇಕೆಂಬ ನಿಯಮ ಕಟ್ಟುನಿಟ್ಟಾಗಿರಬೇಕು, ಶಾಲೆಗಳವರು ಬಸ್ಸು ತುಂಬ ಮಕ್ಕಳನ್ನು ತಂದು ಬಿಡಲು ಅವಕಾಶ ಕೊಡಬಾರದು. ಹಾಗೆ ಬಿಟ್ಟರೆ ಅದು ಇನ್ನೊಂದು ಬೇಸಿಗೆ ಶಿಬಿರವಾಗುತ್ತದೆ. ಮದ್ಯಕ್ಕೂ ಧ್ವನಿವರ್ಧಕಕ್ಕೂ ಕಡ್ಡಾಯ ನಿಷೇಧವಿರಬೇಕು. ಮೊಬೈಲಿಗೆ ನಿಷೇಧ ಬೇಕೆಂದು ನಾನು ಹೇಳುವುದಿಲ್ಲ, ರಾತ್ರಿ ಆಪತ್ತಿಗೆ ಬೇಕಾಗುತ್ತದೆ. ಅಲ್ಲದೆ ಗಾಳ ಹಿಡಿದ ಕೈಗೆ ಎರೆಹುಳುವಿನ ಅಂಟಿರುವಾಗ ಮೊಬೈಲ್ ಮುಟ್ಟಲು ಮಕ್ಕಳೇ ಹೇಸುತ್ತಾರೆ.

ಈ ಚಳಿಗಾಲದಲ್ಲಿ ಪ್ರಯೋಗಕ್ಕೆಂದು ಹಿರೇಹಳ್ಳದ ದಂಡೆಯಲ್ಲಿ ಒಂದೇ ಒಂದು ಜಾಗವನ್ನು, ಹತ್ತು ಕುಟುಂಬಗಳಿಗೆ ಮೀರದಂತೆ, ಶನಿವಾರ ಬೆಳಗಿನ ಶಾಲೆ ಮುಗಿದ ಹೊತ್ತಿನಿಂದ ಭಾನುವಾರ ಮಧ್ಯಾಹ್ನದವರೆಗೆ ತೆರೆದಿಡುವುದು ಇಲಾಖೆಗೆ ದೊಡ್ಡ ಖರ್ಚಿನ ಕೆಲಸವಲ್ಲ. ಮೀನುಗಾರಿಕೆ, ಅರಣ್ಯ, ಜಲಸಂಪನ್ಮೂಲ ಮತ್ತು ಪೊಲೀಸ್ ಇಲಾಖೆಗಳ ಒಪ್ಪಿಗೆ ಇದಕ್ಕೆ ಬೇಕಾಗುವುದರಿಂದ ಜಿಲ್ಲಾಧಿಕಾರಿಗಳೇ ಮುಂದಾಗಿ ನಾಲ್ಕೂ ಇಲಾಖೆಗಳವರನ್ನು ಒಂದೆಡೆ ಕೂರಿಸಬೇಕಾಗುತ್ತದೆ. ಮಳೆಗಾಲ ಮುಗಿಯುವುದರೊಳಗೆ ಆ ಸಭೆ ನಡೆದರೆ ನವೆಂಬರಿಗೆ ಬೇಲಿ, ಶೌಚಾಲಯಗಳ ಕೆಲಸ ಮುಗಿಸಲು ಸಮಯ ಸಿಗುತ್ತದೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ
ಗಂಗಾವತಿ, ಕೊಪ್ಪಳ ಜಿಲ್ಲೆ